ಬೆಲ್ಲದ ಗಚ್ಚು, ಅವ್ವನ ಭರಣಿ

ಮದುವೆಯಾಗಿ ಉದಗೀರಿಗೆ ಬರುವಾಗ ಅವ್ವ ನನ್ನ ಜೊತೆ ಒಂದು ಚೀನಿ ಭರಣಿ ಕಳಿಸಿದ್ದಳು. ಬಿಳಿ ಮೈ, ಕುತ್ತಿಗೆಯ ಸುತ್ತ ನೀಲಿ ಹೂವು, ಒಳಗೆ ಕಂಠಮಟ ಮಾವಿನಕಾಯಿ ಉಪ್ಪಿನಕಾಯಿ. ಮರುವರ್ಷ ಅವ್ವ ತೀರಿಕೊಂಡಳು. ಅದರ ಮರುವರ್ಷ, ಪೊಲೀಸ್ ಕಾರ್ಯಾಚರಣೆಯ ಗದ್ದಲವೆಲ್ಲ ಅಡಗಿ ಮಾವನವರ ಬೆಲ್ಲದ ಅಂಗಡಿ ಮತ್ತೆ ಜೋರಾಗಿ ನಡೆಯತೊಡಗಿದ್ದಾಗ, ಆ ಭರಣಿ ನಮ್ಮ ಅತ್ತೆಯ ಕೈಜಾರಿ ಅಡುಗೆಮನೆಯ ಹಾಸುಗಲ್ಲಿನ ಮೇಲೆ ಬಿತ್ತು.

ಅತ್ತೆ ಚೂರುಗಳನ್ನು ನೋಡಿ, "ಚೀನಿ ಸಾಮಾನು ಎಷ್ಟ ದಿನ ಬಾಳ್ತದ" ಅಂದರು. ಅಷ್ಟೇ. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವರು ಕಸಬರಿಗೆ ತಂದಾಗ ನಾನು ಚೂರುಗಳಿಗೆ ಅಡ್ಡ ಕೂತುಬಿಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದನ್ನು ನುಂಗಿಕೊಳ್ಳಬೇಕೆಂದು ತವರಿನಲ್ಲಿ ಹೇಳಿ ಕಳಿಸಿದ್ದರು, ಆದರೆ ನುಂಗಿದ್ದು ಪೂರ್ತಿ ಇಳಿಯುತ್ತಿರಲಿಲ್ಲ.

"ಒಡದದ್ದು ಮನ್ಯಾಗ ಇಡಬಾರ್ದು," ಅಂದರು ಅತ್ತೆ.

"ಮನ್ಯಾಗ ಇಡೂದಿಲ್ರೀ. ಹಿತ್ತಲದಾಗ ನವಿಲು ಮಾಡ್ತೀನಿ."

ಆ ಮಾತು ಎಲ್ಲಿಂದ ಬಂತೋ. ಚಿಕ್ಕವಳಿದ್ದಾಗ ಬೀದರಿನ ಒಂದು ಹವೇಲಿಯಲ್ಲಿ ಕಾರಂಜಿಯ ಕಟ್ಟೆಗೆ ಚೀನಿ ಚೂರು ಕೂಡಿಸಿದ್ದನ್ನು ಕಂಡಿದ್ದೆ. ನನ್ನ ವಿದ್ಯೆ ಅಷ್ಟೇ.

ಅತ್ತೆ ನನ್ನ ಮುಖ ನೋಡಿದರು. "ಶ್ರಾವಣ ಸೋಮವಾರ ಮಠದ ಅಯ್ಯನವರು ಪ್ರಸಾದಕ್ಕ ಬರ್ತಾರ. ಅದರೊಳಗ ನಿಂತರ ನಿಂತೀತು. ಇಲ್ಲಂದ್ರ ಎಲ್ಲಾ ತಿಪ್ಪಿಗೆ."

ಅವ್ವನದೆಂದು ನನ್ನ ಬಳಿ ಉಳಿದಿದ್ದು ಅದೊಂದೇ ಎಂಬುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ಹಾಗಂದರೋ, ಆಗ ಗೊತ್ತಾಗಲಿಲ್ಲ.

ನೀರಿನ ದೊಡ್ಡ ಹರವಿಯೊಂದು ಬಾಯಿ ಮುರಿದು ಹಿತ್ತಲಲ್ಲಿ ಬಿದ್ದಿತ್ತು. ಅದರ ಮೈಮೇಲೆ ಚೂರು ಕೂಡಿಸಲೆಂದು ಮಲ್ಲಿಗೆ ಬಳ್ಳಿಯ ಪಕ್ಕ ಬೋರಲು ಹಾಕಿದೆ. ನಮ್ಮ ಮನೆಯವರು ಮೋಟಾರ್ ಸ್ಟ್ಯಾಂಡಿನ ಹೋಟೆಲಿನಿಂದ ಒಡೆದ ಕಪ್-ಬಸಿಗಳನ್ನು ಚೀಲದಲ್ಲಿ ತಂದುಕೊಟ್ಟರು. ಬಳೆಗಾರ್ತಿ ಹಸಿರು ಬಳೆಚೂರು ಕೊಟ್ಟಳು. ಉಳಿದದ್ದು ಚೂರು ಕೂಡಿಸುವ ಗಚ್ಚು. ಹಿಂದಿನವರು ಗಚ್ಚಿಗೆ ಬೆಲ್ಲದ ನೀರು ಹಾಕುತ್ತಿದ್ದರೆಂದು ಕೇಳಿದ್ದೆ, ಎಷ್ಟು ಎಂದು ಕೇಳಿರಲಿಲ್ಲ. ಬೆಲ್ಲದ ಅಂಗಡಿಯ ಸೊಸೆ ಕೈ ಬಿಗಿ ಹಿಡಿಯುವುದುಂಟೇ? ಸುಣ್ಣ ಮರಳಿಗೆ ಬೆಲ್ಲದ ದೊಡ್ಡ ಪೆಂಟಿಯೊಂದರಲ್ಲಿ ಅರ್ಧವನ್ನೇ ಕರಗಿಸಿ ಸುರಿದೆ.

ಮೂರು ದಿನ ಕೂತು ನವಿಲು ಮಾಡಿದೆ. ಕುತ್ತಿಗೆಗೆ ಭರಣಿಯ ನೀಲಿ ಹೂವು, ಗರಿಗೆ ಬಳೆಚೂರು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಹಣಿಕಿ, "ಕೋಳಿ ಛಂದ ಆಗ್ಯಾದ್ರೀ" ಅಂದಳು. ಲಿಂಗ ಕಟ್ಟಿದವರ ಹಿತ್ತಲಲ್ಲಿ ಕೋಳಿ! ಅತ್ತೆ ಅಲ್ಲಿಗೇ ಬಂದರು.

"ಅಯ್ಯನವರಿಗೆ ಕೋಳಿ ತೋರಸ್ತೀಯೇನ?"

"ನವಿಲ್ರೀ ಅದು."

"ಅದಕ್ಕ ಗೊತ್ತದೇನ?"

ನನಗೂ ನಗು ಬಂತು, ಆದರೆ ಹಟಕ್ಕೆ ನಗಲಿಲ್ಲ. ಅಷ್ಟರಲ್ಲಿ ಇರುವೆಗಳಿಗೆ ಸುದ್ದಿ ಮುಟ್ಟಿತ್ತು. ಗಚ್ಚನ್ನು ಕೊರೆಕೊರೆದು ಸಾಲುಸಾಲಾಗಿ ಹೊತ್ತುಕೊಂಡು ಹೊರಟಿದ್ದವು. ಐದನೆಯ ದಿನ ಬೆಳಿಗ್ಗೆ ನೋಡಿದರೆ ಕುತ್ತಿಗೆ ಕಳಚಿ ಮಲ್ಲಿಗೆಯ ಬುಡದಲ್ಲಿ ಬಿದ್ದಿತ್ತು.

ಅಂಗಡಿಯ ಗೋಡೆ ರಿಪೇರಿಗೆ ಬಂದಿದ್ದ ಮುದುಕ ಗವಂಡಿಯನ್ನು ಕರೆಸಿದೆ. ಆತ ಒಂದು ಹೆಂಟೆ ಎತ್ತಿ ಮೂಸಿದ.

"ತಂಗೀ, ಇದೇನ ಗಚ್ಚೋ, ಹೋಳಗಿ ಹೂರಣೋ?"

"ಎಷ್ಟ ಹಾಕ್ಬೇಕಿತ್ತು ಕಾಕಾ?"

"ಕೊಡ ನೀರಿಗೆ ಒಂದ ಹಿಡಿ. ಚೂರು ನೀರಾಗ ನೆನಸಿ ಹಚ್ಚು, ಮ್ಯಾಲ ಹಸಿ ಗೋಣಿತಟ್ಟು ಹೊಚ್ಚು. ಅವಸರ ಮಾಡಬ್ಯಾಡ."

ಅವಸರ ಮಾಡದೆ ಏನು ಮಾಡಲಿ, ಸೋಮವಾರಕ್ಕೆ ಎಂಟೇ ದಿನ. ಎಲ್ಲ ಕೆರೆದು ತೆಗೆದು, ಚೂರುಗಳನ್ನು ತೊಳೆದು, ಮೊದಲಿನಿಂದ ಶುರುಮಾಡಿದೆ. ಈ ಸಲ ಕುತ್ತಿಗೆಯನ್ನು ಉದ್ದ ಎಳೆದೆ. ಕೆಲಸ ಮಾತ್ರ ಆಮೆಯ ಹಾಗೆ ಸಾಗುತ್ತಿತ್ತು. ಶನಿವಾರ ಮಧ್ಯಾಹ್ನವಾದರೂ ಅರ್ಧ ಹರವಿ ಬರಿದಾಗಿಯೇ ಇತ್ತು. ಮುಗಿಯುವುದಿಲ್ಲವೆಂದು ಗೊತ್ತಾಗಿಯೂ ಚೂರು ಹಚ್ಚುತ್ತಲೇ ಇದ್ದೆ.

ಅತ್ತೆ ಮಣೆ ತಂದು ನನ್ನ ಎದುರಿಗೆ ಹಾಕಿಕೊಂಡು ಕೂತರು. ಆಮೇಲೆ ಬುಟ್ಟಿಯಿಂದ ಒಂದು ನೀಲಿ ಚೂರು ಹೆಕ್ಕಿ ನನ್ನ ಕೈಗಿತ್ತರು.

"ಉಪ್ಪಿನಕಾಯಿ ಮುಗದ ಮ್ಯಾಲೂ ನೀ ಆ ಭರಣಿ ಮುಚ್ಚಳ ತಗದು ವಾಸನಿ ನೋಡ್ತಿದ್ದಿ," ಅಂದರು. "ನಾ ನೋಡೀನಿ. ತಪ್ಪಾತವ್ವ ನಂದು."

ಭರಣಿ ಒಡೆದಾಗಿನಿಂದ ಅವರಿಗಾಗಿ ಕೂಡಿಟ್ಟಿದ್ದ ಚುಚ್ಚುಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಸೋಮವಾರಕ್ಕ ಮುಗೀಲಿಲ್ಲಂದ್ರ ಬಿಡು," ಅಂದರು. "ಯಾವಾಗರೆ ಮುಗೀಲಿ. ಇದು ಎಲ್ಲಿಗೂ ಹೋಗೂದಿಲ್ಲ."

ಕಣ್ಣು ತುಂಬಿ ಬಂತು. ಎರಡೂ ಕೈಗೆ ಸುಣ್ಣ ಮೆತ್ತಿದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ಅತ್ತೆಯೇ ತಮ್ಮ ಸೆರಗಿನಿಂದ ಒರೆಸಿದರು. ಅವ್ವ ಹೋದ ಮೇಲೆ ನನ್ನ ಮುಖ ಒರೆಸಿದವರು ಅವರೇ ಮೊದಲಿಗರು.