ಬರಿಚೀಲದ ಬಾಸ್ಸು

ಅಟ್ಲಾಸ್ ಬೆಟ್ಟದ ಹಳ್ಳಿಗೆ ಇನ್ನೂ ಬಿಸಿಲು ಇಳಿದಿಲ್ಲ. ಟಪಾಲಿನ ಬಾಸ್ಸು ಚೀಲ ಹೆಗಲಿಗೇರಿಸಿ ಮೊದಲ ಮನೆಯ ಬಾಗಿಲು ತಟ್ಟುತ್ತಾರೆ. ಚೀಲದಲ್ಲಿ ಒಂದು ರೊಟ್ಟಿ, ಒಂದು ಹಿಡಿ ಆಲಿವ್ ಇವೆ. ಕಾಗದ ಮಾತ್ರ ಒಂದೂ ಇಲ್ಲ.

“ಏನೋ ಬಾಸ್ಸು, ಇವತ್ತೂ ಗಾಳಿ ಹೊತ್ಕೊಂಡು ಬಂದ್ಯಾ?” ಒಲೆಯ ಮುಂದಿನಿಂದಲೇ ತೂದಜ್ಜಿ ಕೆಣಕುತ್ತಾರೆ.

“ಹೂಂ ಅಜ್ಜಿ, ನಿಮ್ಮ ಒಲೆ ಊದೋಕೆ ಬೇಕಾದೀತು ಅಂತ.”

ಪ್ರವಾಹ ಕಣಿವೆಯ ರಸ್ತೆಯನ್ನು ಕೊಚ್ಚಿಕೊಂಡು ಹೋದಾಗ ಪೇಟೆಯ ಅಂಚೆ ಕಚೇರಿ ‘ಟಪಾಲು ತಾತ್ಕಾಲಿಕವಾಗಿ ಸ್ಥಗಿತ’ ಎಂದು ಚೀಟಿ ಅಂಟಿಸಿತು. ಚೀಟಿ ಹಳದಿಯಾಯಿತು, ರಸ್ತೆ ಆಗಲಿಲ್ಲ. ಕಾಲುದಾರಿಯಲ್ಲಿ ತಾನೇ ಹೊತ್ತು ತರುತ್ತೇನೆಂದು ಬಾಸ್ಸು ಅಂಗಲಾಚಿದರು. ಸ್ಥಗಿತ ಅಂದಮೇಲೆ ಸ್ಥಗಿತ ಎಂದರು ಸಾಹೇಬರು. ಆದರೂ ಬಾಸ್ಸು ದಿನವೂ ಮನೆಮನೆ ಸುತ್ತುತ್ತಾರೆ.

“ಇಲ್ಲ ಅನ್ನೋದನ್ನೂ ಮನೆಗೇ ಹೋಗಿ ಹೇಳ್ಬೇಕು. ಇಲ್ದಿದ್ರೆ ಪಾಪ, ದಾರಿ ಕಾಯ್ತಾ ಕೂತಿರ್ತಾರೆ.”

ತೂದಜ್ಜಿಯ ಗಂಡ ಜಾಯದಜ್ಜ ಫ್ರಾನ್ಸಿನ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಎದೆತುಂಬ ಕರಿಧೂಳು ತುಂಬಿಕೊಂಡು ಬಂದವರು. ಪಿಂಚಣಿ ಬರಬೇಕಾದರೆ ವರ್ಷಕ್ಕೊಮ್ಮೆ ಅಲ್ಲಿಂದ ಬರುವ ಕಾಗದಕ್ಕೆ, ಬದುಕಿದ್ದೇನೆಂದು ಪೇಟೆಯ ಅಧಿಕಾರಿಯ ಮೊಹರು ಹಾಕಿಸಿ ಗಡುವಿನೊಳಗೆ ಕಳಿಸಬೇಕು; ಇಲ್ಲದಿದ್ದರೆ ಸತ್ತರೆಂದೇ ಲೆಕ್ಕ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನಬೇಡಿ. ಪಿಂಚಣಿ ಕಚೇರಿಗೆ ಬೇಕು.

ಚಳಿಗಾಲದಲ್ಲಿ ಒಂದೇ ಒಂದು ದಿನ ರಸ್ತೆ ತೆರೆದು ಟಪಾಲು ಬಂತು. ಅದರಲ್ಲಿ ಗಡುವು ಮೀರಿದ ಆ ಕಾಗದವಿತ್ತು. ಜತೆಗೆ ತೂದಜ್ಜಿಯ ಹೆಸರಿಗೆ ಇನ್ನೊಂದು ಪತ್ರ. ಓದು ಬಾರದ ಅಜ್ಜಿಗೆ ಬಾಸ್ಸುವೇ ಓದಿ ಹೇಳಬೇಕಾಯಿತು: ನಿಮ್ಮ ಪತಿಯ ನಿಧನಕ್ಕೆ ಸಂತಾಪಗಳು, ಪಿಂಚಣಿ ನಿಲ್ಲಿಸಲಾಗಿದೆ.

“ಬಾಯ್ಮುಚ್ಚೋ ಪಾಪಿ! ಒಳಗೆ ಕೆಮ್ತಿರೋದು ಯಾರು ಮತ್ತೆ?” ಎಂದು ಅಜ್ಜಿ ಚೀರಿದರಂತೆ. ಅಜ್ಜ ಮಾತ್ರ ನಕ್ಕು, “ನನ್ನ ಮಣ್ಣಿನ ದಿನ ಕೂಸ್‌ಕೂಸ್ ಊಟ ಯಾರು ಹಾಕಿಸಿದ್ರೋ?” ಎಂದರು.

ನಗು ಅಲ್ಲಿಗೇ ಮುಗಿಯಿತು. ಮರುದಿನ ಗುಡ್ಡ ಮತ್ತೆ ಕುಸಿಯಿತು. ಪೇಟೆಗೆ ನಡೆಯಲು ಅಜ್ಜನಿಗೆ ಉಸಿರಿಲ್ಲ, ಇಲ್ಲಿಗೆ ಬರಲು ಅಧಿಕಾರಿಗೆ ರಸ್ತೆಯಿಲ್ಲ. ದಿನಾ ಕಣ್ಣಾರೆ ನೋಡುತ್ತೇನೆಂದು ಬಾಸ್ಸು ಆಣೆಯಿಟ್ಟರೂ, ಟಪಾಲಿನವನ ಮಾತು ಸಾಕ್ಷಿಯಲ್ಲವಂತೆ. ಆಮ್ಲಜನಕದ ಸಿಲಿಂಡರಿಗೆ ಈಗ ಕಾಸಿಲ್ಲ. ಮಲಗಿದರೆ ಉಸಿರು ಕಟ್ಟುವ ಅಜ್ಜ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಬಾಸ್ಸು ಒಳಗಿನ ಕೆಮ್ಮಿಗೆ ಕಿವಿಗೊಡುತ್ತಾರೆ.

“ಅಜ್ಜ ಬದುಕಿದ್ದಾರೆ ಅನ್ನೋ ಕಾಗದ ನನ್ನ ಕೈಯಾರೆ ಮುಟ್ಟಿಸ್ಬೇಕು, ಅಷ್ಟೇ. ಸತ್ತ ಸುದ್ದಿ ನಾನು ಮುಟ್ಟಿಸೋದು ಬೇಡ. ಅದು ಪಿಂಚಣಿ ಕಚೇರಿಯವ್ರಿಗೆ ಮೊದ್ಲೇ ಗೊತ್ತಲ್ಲ.”