ಎಲ್ಲರ ಗುಡಿಸಲಿನ ಹುಸೇನಮ್ಮ

ಶಹಾಪುರದಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡದ್ದು ಮಲಗಿದ ಬುದ್ಧನ ಗುಡ್ಡ ಎಂದು ಹೊರಗಿನವರು ತಿಳಿದಿದ್ದಾರೆ. ಅಲ್ಲ, ಅದು ಹುಸೇನಮ್ಮನ ಗುಡಿಸಲು. ನಮ್ಮ ಓಣಿಯ ಮೂಲೆಯ ಸರಕಾರಿ ಜಾಗದಲ್ಲಿ ನಾಲ್ಕು ಗಳ, ಮೇಲೊಂದು ನೀಲಿ ತಾಡಪಾಲು, ಮುಂದೆ ಈಚಲ ಗರಿಯ ರಾಶಿ. ಆಕೆ ಆ ಗರಿಯಿಂದ ಕಸಬರಿಗೆ ಕಟ್ಟಿ ಮಾರುತ್ತಿದ್ದಳು. ಓಣಿಯ ಮಂದಿ ಆ ಗುಡಿಸಲಿನ ಮುಂದೆ ನಿಂತು ಬಡವರಾಗುತ್ತಿದ್ದರು.

ಸರಕಾರದ ಮನೆ ಬೇಕಾದವರು ತಮ್ಮ ಮುರುಕು ಮನೆಯ ಮುಂದೆ ನಿಂತು ಫೋಟೋ ತೆಗೆಸಬೇಕು ಎಂಬುದು ನಿಯಮ. ತೆಗೆದ ಜಾಗವನ್ನು ಫೋನೇ ಗುರುತು ಹಾಕಿಕೊಳ್ಳುತ್ತದೆ. ನಮ್ಮಲ್ಲಿ ಮುರುಕು ಮನೆಗಳಿಗೇ ಬರ. ಇದ್ದದ್ದು ಹುಸೇನಮ್ಮನದೊಂದೇ. ಓಣಿ ಒಂದೇ ಆದ್ದರಿಂದ ಫೋನಿಗೆ ಸಂಶಯ ಬರುತ್ತಿರಲಿಲ್ಲ. ಫೋನು ಹಿಡಿದವನಿಗೆ ಬರಬೇಕಾದ ಸಂಶಯವನ್ನು ಚಹಾ ಕುಡಿಸಿ ಕಳಿಸುತ್ತಿದ್ದರು.

ಬಂದವರನ್ನು ಹುಸೇನಮ್ಮ ತಾನೇ ನಿಲ್ಲಿಸುತ್ತಿದ್ದಳು. "ಕೈಗಡಿಯಾರ ಬಿಚ್ರಿ. ಇಸ್ತ್ರಿ ಬಾಳ ಕಾಣ್ತದ, ಒಂಚೂರು ನೆಲದ ಮ್ಯಾಲ ಕುಂತು ಏಳ್ರಿ. ಹಲ್ಲು ಕಿಸೀಬ್ಯಾಡ್ರಿ, ಬಡವ್ರಿಗಿ ಅಷ್ಟು ಹಲ್ಲು ಇರಂಗಿಲ್ಲ."

ಗುಡಿಸಲು ಇನ್ನಷ್ಟು ಹದಗೆಟ್ಟಂತೆ ಕಾಣಲೆಂದು ಕೆಲವರು ತಾಡಪಾಲಿನ ಹಗ್ಗ ಸಡಿಲಿಸುತ್ತಿದ್ದರು. ಅದಕ್ಕೂ ಆಕೆಯದೊಂದು ಕಾನೂನು: "ಫೋಟೋ ತೆಗೆಯೂತನಕ ನೀನ ಮಾಲಕ. ಮಾಲಕ ಆದಾವ ಹಗ್ಗ ಬಿಗದು ಹೋಗ್ಬೇಕು." ಬೇರೆ ಬಾಡಿಗೆ ಕೇಳಿದ್ದನ್ನು ನಾನು ನೋಡಿಲ್ಲ.

ಎರಡಂತಸ್ತಿನ ಮನೆಯ ಗುರುಪಾದಪ್ಪನವರು ಬಂದ ದಿನ ನಾನೂ ಅಲ್ಲಿದ್ದೆ. ಅವರ ಬಂಗಾರದುಂಗುರ ಬೆರಳಿನಿಂದ ಬರಲೊಲ್ಲದು.

"ಬರವಲ್ದು ಹುಸೇನಮ್ಮ, ಏನ್ ಮಾಡೂನು?"

"ಊಟ ಕಮ್ಮಿ ಮಾಡ್ರಿ ಧಣಿ, ಬಡತನ ತಾನ ಬರ್ತದ." ಹೀಗೆಂದು ಆಕೆ ಆ ಬೆರಳಿಗೆ ಚಿಂದಿ ಸುತ್ತಿದಳು. "ಬಡವ್ರಿಗಿ ಒಂದು ಗಾಯ ಇದ್ರ ಚಂದ."

ಕೊನೆಯ ಮಾತು ಆಕೆ ಅಂದದ್ದೋ, ಹೇಳಿ ಹೇಳಿ ನಾನು ಸೇರಿಸಿದ್ದೋ, ಈಗ ಪ್ರಮಾಣ ಮಾಡಲಾರೆ. ಚಿಂದಿ ಹಳದಿ ಬಣ್ಣದ್ದು ಎಂಬುದು ಮಾತ್ರ ಖಾತ್ರಿ. ಗುರುಪಾದಪ್ಪನವರಿಗೆ ಮನೆ ಮಂಜೂರಾಯಿತು. ಹಿತ್ತಲಲ್ಲಿ ಕಟ್ಟಿ ನನಗೆ ಬಾಡಿಗೆ ಕೊಟ್ಟರು. ನಾನು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವಳು. 'ನಗರ ಮತ್ತು ವಸತಿ ಸಮಸ್ಯೆ' ಎಂಬ ಪಾಠವನ್ನು ಆ ಮನೆಯಲ್ಲೇ ಕೂತು ತಯಾರಿಸಿದೆ. ಪಾಠ ಚೆನ್ನಾಗಿ ಬಂತು.

ಆಮೇಲೆ ನಮ್ಮ ವಾರ್ಡನ್ನು ಗುಡಿಸಲು ಮುಕ್ತವೆಂದು ಘೋಷಿಸುವ ನಿರ್ಧಾರವಾಯಿತು. ಗುಡಿಸಲು ಫೋನಿನಲ್ಲಿ ದಾಖಲಾದವರಿಗೆ ಊರಾಚೆಯ ಬಡಾವಣೆಯಲ್ಲಿ ಮನೆ, ಉಳಿದವರಿಗೆ ಜೆಸಿಬಿ. ಸ್ವಂತ ಜಾಗ ಇಲ್ಲದವರಿಗೆ ಮನೆ ಇಲ್ಲವೆಂದು ಹಿಂದೆ ಹುಸೇನಮ್ಮನನ್ನು ಹೊರಗಿಟ್ಟಿದ್ದರು. ಈಗ ಆಕೆಗೂ ಪಾಳಿ ಬಂತು.

ಸಮೀಕ್ಷೆಯವನು ಬಂದಾಗ ಹುಸೇನಮ್ಮ ತಲೆ ಬಾಚಿ, ಇದ್ದುದರಲ್ಲೇ ಒಳ್ಳೆಯ ಸೀರೆಯುಟ್ಟು, ಬಾಯ್ತುಂಬ ನಗುತ್ತ ನಿಂತಿದ್ದಳು.

"ಬಡವ್ರು ಹಲ್ಲು ತೋರಿಸಬಾರದು ಅಂತಿದ್ದಿ?" ಎಂದೆ.

"ಅದು ನಕಲಿ ಬಡವ್ರಿಗ್ರಿ ಟೀಚರಮ್ಮ. ನಾ ಅಸಲಿ, ಹೆಂಗ ಬೇಕಾದ್ರೂ ನಿಲ್ತೀನಿ."

ಹುಡುಗ ಫೋನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. "ಆಯಿ, ಈ ಸಲ ಫೋನು ಹಳೇ ಪಟ್ಟಿನೂ ನೋಡ್ತದ. ಈ ಜಾಗದಾಗ ಆಗ್ಲೇ ಮನಿ ಮಂಜೂರಾಗ್ಯಾವ."

"ಯಾರಿಗಿ?"

ಅವನ ಹೆಬ್ಬೆರಳು ಪರದೆಯ ಮೇಲೆ ಜಾರುತ್ತಲೇ ಹೋಯಿತು. "ಬಾಳ ಮಂದಿಗಿ."

"ಹಂಗಾರ ನಾ ಈಗ ಎಲ್ಲಿ ನಿಂತೀನಿ?"

"ಫೋನಿನ ಪ್ರಕಾರ ಪಕ್ಕಾ ಮನಿ ಅಂಗಳದಾಗ."

"ಹಂಗಾರ ಕೀಲಿ ಕೊಡು."

ಹುಡುಗ ಕೆಟ್ಟವನಲ್ಲ. ದನಿ ತಗ್ಗಿಸಿ ಉಪಾಯ ಹೇಳಿದ: "ಊರ ಅಗಸಿ ಬಾಗಲ ಆಚಿ ಯಾರದರೆ ಗುಡಿಸಲ ನೋಡು. ಅದರ ಮುಂದ ನಿಂತ್ರ ತೆಗಿತೀನಿ."

ಹುಸೇನಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬ್ಯಾರೆಯವ್ರ ಗುಡಿಸಲ ಮುಂದ ನಿಂತು ನಾ ಬಡವಿ ಅಂತ ಸುಳ್ಳ ಹೇಳ್ಲೇನು?"

ಸಾಕ್ಷಿ ಹೇಳಿರೆಂದು ಆಕೆ ಗುರುಪಾದಪ್ಪನವರ ಬಾಗಿಲಿಗೂ ಹೋದಳು. ಅವರು ಮರುಕ ಪಟ್ಟರು. "ನಾ ಖರೇ ಹೇಳಿದ್ರ ನನ್ನ ಮನಿ ಹೋಗ್ತದ ಹುಸೇನಮ್ಮ," ಎಂದು ಚಹಾ ಕೊಡಿಸಿದರು. ಚಹಾ ಆ ಓಣಿಯಲ್ಲಿ ಬಹಳ ಕೆಲಸ ಮಾಡುತ್ತದೆ.

ಜೆಸಿಬಿ ಬಂದುಹೋದ ಮೇಲೆ, ತಾಡಪಾಲಿನ ಗಂಟು ತಲೆಯ ಮೇಲಿಟ್ಟುಕೊಂಡು ಆಕೆ ನನ್ನ ಬಾಗಿಲಿಗೆ ಬಂದಳು. ಒಳಗೆ ಕರೆದೆ, ಬರಲಿಲ್ಲ. ಹೊಸ್ತಿಲಾಚೆಯಿಂದಲೇ ಕತ್ತು ಚಾಚಿ ಗೋಡೆ ನೋಡಿದಳು. "ಬಿರಕ ಬಿಟ್ಟದ. ನನ್ನ ಜಾಗದಾಗ ಇಂಥಾ ಕೆಲಸ ಮಾಡ್ಯಾರ ನೋಡ್ರಿ."

ಅರ್ಜಿ ಬರೆದುಕೊಡುತ್ತೇನೆ ಎಂದೆ. ಓದಿದವರಿಗೆ ಬರುವುದು ಅದೊಂದೇ.

"ವಿಳಾಸ ಏನಂತ ಬರೀತೀರಿ?"

ಉತ್ತರಕ್ಕೆ ಆಕೆ ಕಾಯಲಿಲ್ಲ. "ಹುಣಸಗಿ ಕಡಿ ಹೊಂಟೀನ್ರಿ, ಕಾಲುವಿ ದಂಡಿಗಿ. ಅಲ್ಲಿ ನೆಲದ್ದು ಇನ್ನೂ ಯಾರೂ ಫೋಟೋ ತೆಗದಿಲ್ಲಂತ."

ಹಾಗೆಂದು ನಕ್ಕಳು ಎಂದು ನನ್ನ ದಿನಚರಿಯಲ್ಲಿದೆ. ನೆನಪಿನಲ್ಲಿ ಆಕೆ ನಗಲಿಲ್ಲ. ದಿನಚರಿ ಬರೆದವಳಿಗೆ ಆಕೆ ನಗುವುದು ಬೇಕಾಗಿತ್ತೋ ಏನೋ. ಆಮೇಲೆ ನಾನು ಆಕೆಯನ್ನು ನೋಡಿಲ್ಲ.

ಮುಂದಿನ ವಾರ ಶಾಮಿಯಾನ ಹಾಕಿ, ನಮ್ಮ ವಾರ್ಡು ಗುಡಿಸಲು ಮುಕ್ತ ಎಂದು ಮೈಕಿನಲ್ಲಿ ಸಾರಿದರು. ಗುರುಪಾದಪ್ಪನವರಿಗೆ ಹಾರ ಬಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಘೋಷಣೆಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.