ತವರಿಗೆ ಹೇಳದ ನೋವು

ಮಗಳನ್ನು ಎತ್ತಿಕೊಂಡಾಗಲೆಲ್ಲ ಸಪ್ನಾಳಿಗೆ ಒಂದೇ ಅಂಜಿಕೆ: ಕೈ ಸೋತು ಕೂಸು ಜಾರಿ ಬಿದ್ದರೆ? ಹೆಗಲು, ಕುತ್ತಿಗೆ, ಸೊಂಟ, ಮೊಣಕಾಲು, ನೋಯದ ಜಾಗವೇ ಇರಲಿಲ್ಲ. ಎಷ್ಟು ನಿದ್ದೆ ಮಾಡಿದರೂ ಹೊಲದಲ್ಲಿ ದುಡಿದು ಬಂದವಳಂತೆ ಏಳುತ್ತಿದ್ದಳು. ಒಲೆಯ ಮೇಲೆ ಏನಿಟ್ಟೆನೆಂದು ಮರೆತು ನಿಲ್ಲುತ್ತಿದ್ದಳು. ರಕ್ತ ಪರೀಕ್ಷೆಯಲ್ಲಿ ಮಾತ್ರ ಎಲ್ಲವೂ ಸರಿ. ಮೊಬೈಲ್ ನೋಡುವುದು ಕಮ್ಮಿ ಮಾಡು ಎಂದು ಗಂಡ ಅಂಬರೀಶ ನಕ್ಕಿದ್ದ.

ಹುಬ್ಬಳ್ಳಿಯಲ್ಲಿ ಓದಿ ಮುಂಡರಗಿಗೆ ಸೊಸೆಯಾಗಿ ಬಂದವಳು ಅವಳು. ಅತ್ತೆ ಕರಿಯವ್ವ ಕೆಟ್ಟವಳಲ್ಲ. ನೀರು ಕಾಸಿ ಸೊಸೆಯ ಬೆನ್ನಿಗೆ ತಾನೇ ಹಾಕುತ್ತಿದ್ದಳು. ನೀರಿನ ಜೊತೆ ಮಾತೂ ಬೀಳುತ್ತಿತ್ತು.

"ಹಸಿಮೈಯಾಗ ಕಳಿಸಿದ್ರು ನಿಮ್ಮವ್ವ. ಐದು ತಿಂಗಳ ಬಾಣಂತನ ಮಾಡಿದ್ರ ಹಿಂಗ್ಯಾಕ ಮೈಯಾಗ ವಾಯು ಹೊಗತಿತ್ತು?"

ಲಕ್ಷ್ಮೇಶ್ವರದಲ್ಲಿ ಸಪ್ನಾಳ ತಾಯಿ ದುರ್ಗವ್ವ ಶಾಲೆಯ ಬಿಸಿಯೂಟದ ಅಡುಗೆಯವಳು. ಕೆಲಸ ಬಿಡಲಾಗದೆ ಹೆರಿಗೆಯಾದ ಮೂರನೇ ತಿಂಗಳಿಗೇ ಮಗಳ ಉಡಿ ತುಂಬಿ ಕಳಿಸಿದ್ದಳು. ಈಗ ಮೈ ನೋಯುತ್ತದೆ ಎಂದರೆ ಆಕೆಯನ್ನೇ ದೂರಿದಂತೆ. ಫೋನಿನಲ್ಲಿ ಆರಾಮಿದ್ದೇನೆ ಎನ್ನುತ್ತಿದ್ದ ಸಪ್ನಾ ಬರಬರುತ್ತ ಫೋನ್ ಮಾಡುವುದನ್ನೇ ಬಿಟ್ಟಳು. ಅವ್ವನ ದನಿ ಕೇಳಿದರೆ ಅಳು ನಿಲ್ಲುವಂತಿರಲಿಲ್ಲ. ಬಟ್ಟೆ ಮಡಚುತ್ತ ಕೂತಾಗ, ನೆತ್ತಿಗೆ ಎಣ್ಣೆ ತಟ್ಟುತ್ತಿದ್ದ ಅವ್ವನ ಒರಟು ಅಂಗೈ, ಒಗ್ಗರಣೆ ವಾಸನೆಯ ಸೆರಗು ಬೇಕೆನಿಸಿ ಕೈ ಹಾಗೇ ನಿಂತುಬಿಡುತ್ತಿತ್ತು.

ಒಂದು ಬೆಳಿಗ್ಗೆ ಕೂಸು ಎತ್ತಿಕೋ ಎಂದು ಕೈ ಚಾಚಿತು. ಅವಳಿಂದಾಗಲಿಲ್ಲ. ತಾಯಿ, ಮಗಳು ಇಬ್ಬರೂ ಅತ್ತರು. ಅಂದೇ ಅಂಬರೀಶ ಗದಗಿನ ದೊಡ್ಡ ಡಾಕ್ಟರಮ್ಮನ ಬಳಿ ಕರೆದೊಯ್ದ. ಕೂಸನ್ನೆತ್ತಿಕೊಂಡು ಕರಿಯವ್ವನೂ ಬಂದಳು.

ಡಾಕ್ಟರಮ್ಮ ಅಲ್ಲಲ್ಲಿ ಒತ್ತಿ ನೋಡಿದರು. ನಿದ್ದೆ, ಮರೆವು, ಎಷ್ಟು ತಿಂಗಳಿಂದ ನೋವು ಎಂದೆಲ್ಲ ಕೇಳಿದರು. ಇದು ಫೈಬ್ರೊಮಯಾಲ್ಜಿಯಾ ಎಂಬ ಮೈನೋವಿನ ಕಾಯಿಲೆ, ರಿಪೋರ್ಟಿನಲ್ಲಿ ಕಾಣುವುದಿಲ್ಲ, ಹಾಗಂತ ಸುಳ್ಳು ನೋವಲ್ಲ ಎಂದರು. ಪೂರ್ತಿ ಹೋಗದಿದ್ದರೂ ಹತೋಟಿಗೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಮಲಗಬೇಕು, ದಿನಾ ಸ್ವಲ್ಪ ನಡೆದು ನಿಧಾನ ಹೆಚ್ಚಿಸಬೇಕು, ಕೆಲಸ ಒಂದೇ ಸಲಕ್ಕೆ ಮುಗಿಸದೆ ನಡುನಡುವೆ ಕೂರಬೇಕು. ಮಾತ್ರೆಯನ್ನೂ ಬರೆದರು.

ಸಪ್ನಾ ಕೇಳಿದ್ದು ಒಂದೇ. "ಬಾಣಂತನ ಕಮ್ಮಿ ಆಗಿದ್ದಕ್ಕ ಬಂತೇನ್ರಿ?"

"ಯಾರ ಹೇಳಿದ್ರವಾ? ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಹೊರಗೆ ಬಂದಮೇಲೆ, ಆ ಡಾಕ್ಟರಮ್ಮ ಎಷ್ಟು ಮಕ್ಕಳನ್ನು ಹಡೆದಿದ್ದಾಳೋ ಎಂದು ಕರಿಯವ್ವ ಗೊಣಗಿದಳು. ಆದರೂ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸೊಸೆಗೆ ಜಾಗ ಮಾಡಿ, ಕೂಸನ್ನು ತನ್ನ ತೊಡೆಯಲ್ಲೇ ಇಟ್ಟುಕೊಂಡಳು.

ಸಪ್ನಾ ಫೋನ್ ತೆಗೆದಳು. ಆ ಕಡೆ ಪಾತ್ರೆಗಳ ಸದ್ದು, ಮಕ್ಕಳ ಗದ್ದಲ.

"ಅವ್ವಾ," ಅಂದಳು, "ಮೈ ಭಾಳ ನೋಯಾಕತ್ತೈತಿ. ಭಾಳ ದಿನಾ ಆತು. ನಿನ್ನಿಂದ ಆಗಿದ್ದಲ್ಲಂತ ಬೇ. ಒಮ್ಮೆ ಬಂದು ಹೋಗ."